ಹಳೆಯ ಸರ್ವರಿಗೆ ಯಾವ ಲಿನಕ್ಸ್? ಒಂದರಲ್ಲಿ ಡಿಸ್ಕ್ ಕಾಣುವುದಿಲ್ಲ, ಇನ್ನೊಂದರಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ

ಓದುಕೋಣೆ (ನೀರ್ಚಾಲು):

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಚೇರಿಯವರು ತಮ್ಮ ಕೆಲಸವನ್ನೆಲ್ಲ ಕ್ಲೌಡ್‌ಗೆ ವರ್ಗಾಯಿಸಿದ ಮೇಲೆ ಬಳಕೆಯಿಲ್ಲದೆ ಉಳಿದಿದ್ದ ಎರಡು ಸರ್ವರುಗಳನ್ನು ನಮ್ಮ ಊರಿನ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಒಂದು ಡೆಲ್ ಪವರ್‌ಎಡ್ಜ್ ಆರ್710. ಅದರಲ್ಲಿ ಝಿಯಾನ್ ಎಕ್ಸ್5650 ಪ್ರೊಸೆಸರುಗಳು ಎರಡು ಇವೆ, 48 ಜಿಬಿ ಮೆಮೊರಿ ಇದೆ. ಇನ್ನೊಂದು ಅದಕ್ಕಿಂತಲೂ ಹಳೆಯದಾದ ಎಚ್‌ಪಿ ಪ್ರೊಲಯಂಟ್ ಡಿಎಲ್380 ಜಿ5. ಪ್ರೊಸೆಸರ್ ಝಿಯಾನ್ ಇ5420. ಗ್ರಂಥಾಲಯದ ಪುಸ್ತಕಗಳ ಸೂಚಿಗೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸಬೇಕು, ಜತೆಗೆ ಈ ಭಾಗದ ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಒಂದೇ ಕಡೆ ಇಡಬೇಕು ಎಂಬುದು ಸಮಿತಿಯ ಅಪೇಕ್ಷೆ. ಸ್ಕ್ಯಾನ್ ಕಡತಗಳಿಗಾಗಿ 3.5 ಇಂಚಿನ, 4 ಟಿಬಿಯ ಎರಡು ಹೊಸ ಡಿಸ್ಕ್‌ಗಳನ್ನು ಈಗಾಗಲೇ ಖರೀದಿಸಿದ್ದೇವೆ.

ಆರ್710ರಲ್ಲಿ ಮೊದಲು ಸೆಂಟ್‌ಓಎಸ್ 7 ಇತ್ತು ಮತ್ತು ಅದು ಯಾವ ತೊಂದರೆಯೂ ಇಲ್ಲದೆ ಓಡುತ್ತಿತ್ತು. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿರುವುದರಿಂದ ಹೊಸದನ್ನು ಹಾಕೋಣವೆಂದು ರೆಡ್ ಹ್ಯಾಟ್ ಕುಟುಂಬಕ್ಕೆ ಸೇರಿದ ಒಂದು ವಿತರಣೆಯ (ಬಳಕೆಗೆ ಸಿದ್ಧಪಡಿಸಿದ ಲಿನಕ್ಸ್ ರೂಪದ) 9ನೇ ಆವೃತ್ತಿಯ ಆರಂಭದ ದಿನಗಳ ಡಿವಿಡಿಯಿಂದ ಪ್ರಯತ್ನಿಸಿದೆವು. ಪರದೆಗಳೆಲ್ಲ ಸರಿಯಾಗಿ ಬಂದವು, ಆದರೆ ಡಿಸ್ಕ್ ಆಯ್ಕೆ ಮಾಡುವ ಹಂತದಲ್ಲಿ ಒಂದು ಡಿಸ್ಕೂ ಕಾಣಿಸಲಿಲ್ಲ. ಅನಂತರ ನಮ್ಮಲ್ಲಿದ್ದ ಡೆಬಿಯನ್ 11ರ ಡಿವಿಡಿ ಹಾಕಿ ನೋಡಿದಾಗ ಡಿಸ್ಕ್‌ಗಳು ಕಾಣಿಸಿದವು, ನೆಟ್‌ವರ್ಕ್ ಸಿಗಲಿಲ್ಲ. ಯಾವುದೋ ಫರ್ಮ್‌ವೇರ್ (ಸಾಧನದೊಳಗೇ ಓಡುವ ತಂತ್ರಾಂಶ) ಕಡತ ಬೇಕೆಂದು ಕೇಳಿ ಅಲ್ಲಿಗೇ ನಿಂತಿತು. ಯಂತ್ರ ಕೆಟ್ಟಿದೆಯೇ, ಅಥವಾ ನಾವು ಆರಿಸಿಕೊಂಡ ವಿತರಣೆಯೇ ಸರಿಯಿಲ್ಲವೇ? ಪಕ್ಕದ ಶಾಲೆಯಲ್ಲಿ ಬಳಸುವ ಕೈಟ್ ಲಿನಕ್ಸ್ ಡಿಸ್ಕ್ ಇದೆ, ಅದನ್ನೇ ಹಾಕಬಹುದೇ ಎಂದು ಸಮಿತಿಯವರು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಪಯಸ್ವಿನಿ (ಕಾಸರಗೋಡು):

ಯಂತ್ರ ಕೆಟ್ಟಿಲ್ಲ. ಸೆಂಟ್‌ಓಎಸ್ 7 ಓಡುತ್ತಿತ್ತು ಮತ್ತು ಡೆಬಿಯನ್‌ನಲ್ಲಿ ಡಿಸ್ಕ್ ಕಾಣಿಸಿತು ಎಂದು ನೀವೇ ಹೇಳಿರುವುದರಿಂದ ಡಿಸ್ಕ್‌ಗಳನ್ನು ನಡೆಸುವ ಕಾರ್ಡ್, ಅಂದರೆ ಕಂಟ್ರೋಲರ್, ಕೆಲಸ ಮಾಡುತ್ತಿದೆ ಎಂಬುದು ಖಚಿತ. ನಿಮಗೆ ಎದುರಾಗಿರುವ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ. ಅವನ್ನು ಒಟ್ಟಿಗೆ ನೋಡಿದ್ದರಿಂದ ಯಂತ್ರದ ಮೇಲೆ ಅನುಮಾನ ಬಂದಿದೆ.

ಡಿಸ್ಕ್ ಕಾಣಿಸದಿರುವುದಕ್ಕೆ ಕಾರಣ ಹೀಗಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೇ ಆವೃತ್ತಿ 2019ರಲ್ಲಿ ಬಂದಾಗ ಹಳೆಯ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ) ಕಂಟ್ರೋಲರುಗಳ ದೊಡ್ಡ ಗುಂಪೊಂದನ್ನು ಬೆಂಬಲದಿಂದ ಕೈಬಿಡಲಾಯಿತು. ಆರ್710ರ ಕಾಲದ ಪರ್ಕ್ 6/ಐ, ಪರ್ಕ್ ಎಚ್700 ಮುಂತಾದ ಡೆಲ್ ಕಾರ್ಡುಗಳನ್ನು ನಡೆಸುವ ಮೆಗಾರೇಡ್ ಸಾಸ್ ಡ್ರೈವರ್ ಆ ವಿತರಣೆಯ ಕರ್ನಲ್ಲಿನಲ್ಲಿ (ವ್ಯವಸ್ಥೆಯ ತಿರುಳಿನಲ್ಲಿ) ಈಗಲೂ ಇದೆ, ಹೊಸ ಕಾರ್ಡುಗಳನ್ನು ನಡೆಸುತ್ತಲೂ ಇದೆ. ತೆಗೆದುಹಾಕಿರುವುದು ಆ ಡ್ರೈವರಿನೊಳಗೆ ಇದ್ದ ಹಳೆಯ ಕಾರ್ಡುಗಳ ಗುರುತುಸಂಖ್ಯೆಗಳನ್ನು ಮಾತ್ರ. ರೇಷನ್ ಅಂಗಡಿಯಲ್ಲಿ ಅಕ್ಕಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಅದು ಸಿಗದಿರುವಂತೆ, ಡ್ರೈವರ್ ಇದ್ದರೂ ನಿಮ್ಮ ಕಾರ್ಡಿಗೆ ಅದು ಅನ್ವಯವಾಗುವುದಿಲ್ಲ. ಮೂಲ ಲಿನಕ್ಸ್ ಕರ್ನಲ್ಲಿನಲ್ಲಿ ಆ ಸಂಖ್ಯೆಗಳು ಹಾಗೆಯೇ ಉಳಿದಿವೆ. ಡೆಬಿಯನ್ ಮೂಲ ಕರ್ನಲ್ಲಿಗೆ ಹತ್ತಿರವಾಗಿ ನಡೆಯುವುದರಿಂದ ಅಲ್ಲಿ ನಿಮ್ಮ ಡಿಸ್ಕ್‌ಗಳು ಕಾಣಿಸಿದವು. "ಲಿನಕ್ಸ್ ಹಳೆಯ ಹಾರ್ಡ್‌ವೇರನ್ನು ಬೆಂಬಲಿಸುತ್ತದೆಯೇ" ಎಂದು ಒಟ್ಟಾರೆಯಾಗಿ ಕೇಳಿದರೆ ಸರಿಯಾದ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ. ಕರ್ನಲ್ ಬೆಂಬಲಿಸುವುದನ್ನೆಲ್ಲ ವಿತರಣೆಯೂ ಬೆಂಬಲಿಸಬೇಕೆಂದಿಲ್ಲ.

ನೆಟ್‌ವರ್ಕ್ ವಿಷಯ ಬೇರೆ. ಆರ್710ರ ಮದರ್‌ಬೋರ್ಡಿನಲ್ಲಿರುವ ನಾಲ್ಕು ಪೋರ್ಟುಗಳು ಬ್ರಾಡ್‌ಕಾಮ್ ನೆಟ್‌ಎಕ್ಸ್‌ಟ್ರೀಮ್ 2 ಸರಣಿಯವು. ಇವುಗಳ ಬಿಎನ್‌ಎಕ್ಸ್2 ಡ್ರೈವರ್ ಮುಕ್ತ ತಂತ್ರಾಂಶವೇ ಆದರೂ, ಕಾರ್ಡ್ ಚಾಲೂ ಆಗುವಾಗ ಅದಕ್ಕೆ ಒಂದು ಫರ್ಮ್‌ವೇರ್ ಕಡತವನ್ನು ಕೊಡಬೇಕಾಗುತ್ತದೆ ಮತ್ತು ಆ ಕಡತ ಮುಕ್ತವಲ್ಲ. ತತ್ವದ ಕಾರಣಕ್ಕಾಗಿ ಡೆಬಿಯನ್ 11ರವರೆಗಿನ ಅಧಿಕೃತ ಡಿವಿಡಿಗಳಲ್ಲಿ ಅಂಥ ಕಡತಗಳನ್ನು ಸೇರಿಸುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಸದಸ್ಯರು ಈ ಬಗ್ಗೆ ಮತ ಹಾಕಿ ನಿಯಮವನ್ನು ಬದಲಾಯಿಸಿದರು; ಅದರಂತೆ 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಕಡತಗಳು ಅಧಿಕೃತ ಡಿವಿಡಿಯಲ್ಲೇ ಇವೆ. ಆದ್ದರಿಂದ ಡೆಬಿಯನ್ 12 ಅಥವಾ 13ರ ಡಿವಿಡಿ ಬಳಸಿದರೆ ಆ ಪ್ರಶ್ನೆಯೇ ಬರುವುದಿಲ್ಲ.

ಪ್ರೊಸೆಸರ್ ಬಗ್ಗೆ ಎಲ್ಲರೂ ಮೊದಲು ಚಿಂತಿಸುತ್ತಾರೆ, ಆದರೆ ನಿಮ್ಮ ಆರ್710ರ ಮಟ್ಟಿಗೆ ಅದು ಅಡ್ಡಿಯಲ್ಲ. 64 ಬಿಟ್ ಪ್ರೊಸೆಸರುಗಳನ್ನು ಈಗ ಮಟ್ಟಗಳಾಗಿ ವಿಂಗಡಿಸುತ್ತಾರೆ. ಎಸ್‌ಎಸ್‌ಇ 4.2 ಇತ್ಯಾದಿ ಸೂಚನೆಗಳಿದ್ದರೆ ಎರಡನೆಯ ಮಟ್ಟ. ಎವಿಎಕ್ಸ್2 ಇದ್ದರೆ ಮೂರನೆಯದು. ಎಕ್ಸ್5650 ಎರಡನೆಯ ಮಟ್ಟಕ್ಕೆ ಸೇರುತ್ತದೆ. ರೆಡ್ ಹ್ಯಾಟ್ 9ಕ್ಕೆ ಎರಡನೆಯ ಮಟ್ಟ ಸಾಕು, 10ಕ್ಕೆ ಮೂರನೆಯದು ಬೇಕು. ಅಂದರೆ ಸರ್ವರುಗಳಲ್ಲಿ 2014ರ ಸುಮಾರಿಗೆ ಬಂದ ಝಿಯಾನ್ ಇ5 ವಿ3 ಅಥವಾ ಅನಂತರದ ಪ್ರೊಸೆಸರೇ ಆಗಬೇಕು. ನಿಮ್ಮ ಎಚ್‌ಪಿ ಯಂತ್ರದ ಇ5420ರಲ್ಲಿ ಎಸ್‌ಎಸ್‌ಇ 4.1 ಮಾತ್ರ ಇರುವುದರಿಂದ ಅದು ಮೊದಲನೆಯ ಮಟ್ಟದಲ್ಲೇ ಉಳಿಯುತ್ತದೆ ಮತ್ತು ರೆಡ್ ಹ್ಯಾಟ್ 9 ಅದರಲ್ಲಿ ಓಡುವುದಿಲ್ಲ. ಡೆಬಿಯನ್ 13 ಕೂಡ ಮೊದಲನೆಯ ಮಟ್ಟದ ಪ್ರೊಸೆಸರನ್ನು ಒಪ್ಪುತ್ತದೆ.

ಕೈಟ್ ಲಿನಕ್ಸ್ ಉಬುಂಟು ಆಧರಿಸಿದ್ದು, ಶಾಲೆಯ ಲ್ಯಾಬಿನ ಕಂಪ್ಯೂಟರುಗಳಿಗಾಗಿ ಸಿದ್ಧಪಡಿಸಿದ್ದು. ಅದು ಓಡಬಹುದು, ಆದರೆ ಪರದೆಯ ಮುಂದೆ ಯಾರೂ ಕೂರದ ಯಂತ್ರಕ್ಕೆ ಅಷ್ಟೆಲ್ಲ ಶೈಕ್ಷಣಿಕ ತಂತ್ರಾಂಶಗಳು ಬೇಕಾಗಿಲ್ಲ.

ಮುಂದಿನ ಸಲಹೆ ಕೊಡುವ ಮೊದಲು ಒಂದು ವಿಷಯ ತಿಳಿಯಬೇಕು. ಡೆಬಿಯನ್ 12ರ ಲೈವ್ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ (ಡಿಸ್ಕ್‌ಗೆ ಏನೂ ಬರೆಯಬೇಕಾಗಿಲ್ಲ), ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶವನ್ನು ಎರಡು ಎನ್ ಆಯ್ಕೆಯೊಂದಿಗೆ ಕೊಡಿ. ರೇಡ್ ಎಂದಿರುವ ಸಾಲಿನ ಚೌಕ ಕಂಸದೊಳಗಿನ ಸಂಖ್ಯೆ ಯಾವುದೆಂದು ಇಲ್ಲಿ ಬರೆಯಿರಿ. ಕಾರ್ಡಿನ ಮೇಲಿನ ಚೀಟಿಯನ್ನು ನಂಬಬೇಡಿ. ಹಳೆಯ ಯಂತ್ರಗಳಲ್ಲಿ ಕಾರ್ಡುಗಳನ್ನು ಯಾರ್ಯಾರೋ ಬದಲಾಯಿಸಿರುತ್ತಾರೆ.

ಓದುಕೋಣೆ (ನೀರ್ಚಾಲು):

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ತಾವು ಹೇಳಿದಂತೆ ಮಾಡಿದಾಗ ನೆಟ್‌ವರ್ಕ್ ತಾನಾಗಿಯೇ ಸಿಕ್ಕಿತು. ರೇಡ್ ಸಾಲಿನಲ್ಲಿರುವ ಸಂಖ್ಯೆ 1000:0060. ಆದರೆ ಹೊಸ ಸಂಶಯವೊಂದು ಹುಟ್ಟಿದೆ: ಹೊಸ 4 ಟಿಬಿ ಡಿಸ್ಕನ್ನು ಹಾಕಿದರೆ ಚಾಲೂ ಆಗುವಾಗಿನ ಕಂಟ್ರೋಲರ್ ಪರದೆಯಲ್ಲೇ ಅದರ ಗಾತ್ರ ಸುಮಾರು 2 ಟಿಬಿ ಎಂದು ತೋರಿಸುತ್ತದೆ. ಡಿಸ್ಕ್ ಮಾರಿದವರನ್ನು ಕೇಳಬೇಕೇ?

ಪಯಸ್ವಿನಿ (ಕಾಸರಗೋಡು):

ಬೇಡ, ಡಿಸ್ಕ್ ಸರಿಯಾಗಿದೆ. 1000:0060 ಎಂದರೆ ಪರ್ಕ್ 6/ಐ, ಮತ್ತು ಆ ಕಂಟ್ರೋಲರ್ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಗುರುತಿಸುವುದಿಲ್ಲ. ಇದು ಕಾರ್ಡಿನದೇ ಮಿತಿ. ಯಾವ ವಿತರಣೆ ಹಾಕಿದರೂ, ಯಾವ ಡ್ರೈವರ್ ಬಳಸಿದರೂ ಇದು ಬದಲಾಗುವುದಿಲ್ಲ. ಆದ್ದರಿಂದ ನಿಮ್ಮ ಸಂದರ್ಭದಲ್ಲಿ ಯಾವ ಲಿನಕ್ಸ್ ಎಂಬ ಪ್ರಶ್ನೆಗಿಂತ ಮೊದಲು ಯಾವ ಕಂಟ್ರೋಲರ್ ಎಂಬ ಪ್ರಶ್ನೆ ಇತ್ಯರ್ಥವಾಗಬೇಕು.

ಕೋಹಾ ಮತ್ತು ಅದರ ದತ್ತಾಂಶಕ್ಕೆ ಹೆಚ್ಚು ಜಾಗ ಬೇಕಾಗಿಲ್ಲ, ಯಂತ್ರದ ಜತೆ ಬಂದ ಸಣ್ಣ ಡಿಸ್ಕ್‌ಗಳೇ ಸಾಕು. ತೊಂದರೆ ಇರುವುದು ಸ್ಕ್ಯಾನ್ ಪ್ರತಿಗಳಿಗೆ. ಅದಕ್ಕೆ ಪರ್ಕ್ ಎಚ್700 ಅಥವಾ ಎಚ್200 ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಳ್ಳಬಹುದು. ಎಚ್700 ರೇಡ್ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಡಿಸ್ಕನ್ನು ನೇರವಾಗಿ ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸುವುದಿಲ್ಲ. ನನ್ನ ಆಯ್ಕೆ ಎಚ್200. ಅದು ಎಲ್‌ಎಸ್‌ಐ ಕಂಪನಿಯ ಸಾಸ್2008 ಚಿಪ್ಪಿನ ಸರಳ ಕಾರ್ಡ್. ರೇಡ್ ರಚಿಸದೆ ಬಿಟ್ಟ ಡಿಸ್ಕ್‌ಗಳನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ, ಕನ್ನಡಿ ಪ್ರತಿಯ ರೇಡ್ 1 ಅನ್ನು ಲಿನಕ್ಸ್‌ನ ಎಂಡಿ ಎಂಬ ತಂತ್ರಾಂಶ ರೇಡ್ ವ್ಯವಸ್ಥೆಯಲ್ಲೇ ಮಾಡಿಕೊಳ್ಳಬಹುದು. ಹೀಗೆ ಮಾಡಿದರೆ ನಾಳೆ ಸರ್ವರ್ ಕೆಟ್ಟರೂ ಡಿಸ್ಕನ್ನು ಕಿತ್ತು ಯಾವುದೇ ಸಾಮಾನ್ಯ ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ಓದಬಹುದು; ಹಾರ್ಡ್‌ವೇರ್ ರೇಡ್‌ನಲ್ಲಿ ಅದೇ ವರ್ಗದ ಇನ್ನೊಂದು ಕಾರ್ಡನ್ನು ಹುಡುಕುತ್ತ ಅಲೆಯಬೇಕಾಗುತ್ತದೆ. ಹಳೆಯ ಪತ್ರಿಕೆಗಳ ಮೂಲಪ್ರತಿಗಳೇ ಹುಡಿಯಾಗುತ್ತಿರುವಾಗ ಈ ಅನುಕೂಲ ಸಣ್ಣದಲ್ಲ.

ಕೊಳ್ಳುವಾಗ ಎರಡು ಸಂಗತಿಗಳನ್ನು ಗಮನಿಸಿ. ಪರ್ಕ್ 6/ಐಯಲ್ಲಿರುವ ಕೇಬಲ್ ಕೊಂಡಿ ಬೇರೆ, ಎಚ್200ರದು ಬೇರೆ. ಆದ್ದರಿಂದ ಆರ್710ಕ್ಕೆ ಹೊಂದುವ ಕೇಬಲನ್ನೂ ಕಾರ್ಡಿನ ಜತೆಗೇ ಕೇಳಿ ಪಡೆಯಬೇಕು. ಇನ್ನೊಂದು, ಕೆಲವು ಮಾರಾಟಗಾರರು ಎಚ್200ಕ್ಕೆ ಎಲ್‌ಎಸ್‌ಐಯ ಸಾಮಾನ್ಯ ಫರ್ಮ್‌ವೇರ್ ತುಂಬಿ ಮಾರುತ್ತಾರೆ. ಅಂಥ ಕಾರ್ಡನ್ನು ಆರ್710ರ ಸ್ಟೋರೇಜ್ ಸ್ಲಾಟಿನಲ್ಲಿ ಹಾಕಿದರೆ ಯಂತ್ರವನ್ನು ಚಾಲೂ ಮಾಡುವ ಬಯಾಸ್ ಅದನ್ನು ಒಪ್ಪದೆ ಅಲ್ಲೇ ನಿಲ್ಲುತ್ತದೆ. ಹಿಂಬದಿಯ ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಹಾಕಿದರೆ ಕೆಲಸ ಮಾಡುತ್ತದೆ.

ತೆಂಕುಗಾಳಿ (ಕುಂಬಳೆ):

ಪಯಸ್ವಿನಿಯವರ ವಿವರಣೆ ಸರಿಯಾಗಿದೆ, ಆದರೆ ರೆಡ್ ಹ್ಯಾಟ್ ಕುಟುಂಬವನ್ನು ಅಷ್ಟು ಬೇಗ ಬಿಡಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. 2024ರ ಮೇ ತಿಂಗಳಲ್ಲಿ ಬಂದ ಅಲ್ಮಾಲಿನಕ್ಸ್ 9.4ರಲ್ಲಿ, ಅದರ ಮೂಲವಾದ ರೆಡ್ ಹ್ಯಾಟ್ ಕೈಬಿಟ್ಟಿದ್ದ ಅನೇಕ ಹಳೆಯ ಸಾಧನಗಳ ಬೆಂಬಲವನ್ನು ಮರಳಿ ಸೇರಿಸಿದ್ದಾರೆ. ಮೆಗಾರೇಡ್ ಸಾಸ್, ಎಚ್200 ಬಳಸುವ ಎಂಪಿಟಿ3ಸಾಸ್, ಎಚ್‌ಪಿ ಕಾರ್ಡುಗಳ ಎಚ್‌ಪಿಎಸ್‌ಎ ಮೂರೂ ಆ ಪಟ್ಟಿಯಲ್ಲಿವೆ. 2025ರಲ್ಲಿ ಬಂದ ಅಲ್ಮಾಲಿನಕ್ಸ್ 10ಕ್ಕೆ ಎರಡನೆಯ ಮಟ್ಟದ ಪ್ರೊಸೆಸರುಗಳಿಗಾಗಿ ಪ್ರತ್ಯೇಕ ಆವೃತ್ತಿಯನ್ನೂ ಕೊಟ್ಟಿದ್ದಾರೆ, ಅದು ಎಕ್ಸ್5650ರಲ್ಲಿ ಓಡುತ್ತದೆ. ಬೇರೆ ವಿತರಣೆಯೇ ಬೇಕೆಂದರೆ ಇಎಲ್‌ರೆಪೊ ಎಂಬ ಭಂಡಾರದಿಂದ ಡ್ರೈವರ್ ಡಿಸ್ಕನ್ನು ಇಳಿಸಿಕೊಂಡು ಅನುಸ್ಥಾಪನೆಯ ಸಮಯದಲ್ಲಿ ಕೊಡಬಹುದು. ಆದರೆ ಈ ದಾರಿಯಲ್ಲಿ ಪ್ರತಿ ಕರ್ನಲ್ ಅಪ್‌ಡೇಟ್ ಬಂದಾಗಲೂ ಆ ಡ್ರೈವರ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು. ಇಲ್ಲದಿದ್ದರೆ ಒಂದು ದಿನ ಮರುಚಾಲೂ ಮಾಡಿದಾಗ ಡಿಸ್ಕ್‌ಗಳು ಮಾಯವಾಗಿರುತ್ತವೆ.

ಫ್ರೀಬಿಎಸ್‌ಡಿಯ ಹೆಸರನ್ನು ಇಲ್ಲಿ ಯಾರೂ ಎತ್ತಿಲ್ಲ. ಅದು ಲಿನಕ್ಸ್ ಅಲ್ಲದ, ಯುನಿಕ್ಸ್ ಮಾದರಿಯ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ. ಪರ್ಕ್ 6/ಐ ಮತ್ತು ಎಚ್700ಕ್ಕೆ ಎಂಎಫ್‌ಐ, ಎಚ್200ಕ್ಕೆ ಎಂಪಿಎಸ್, ಬ್ರಾಡ್‌ಕಾಮ್ ಪೋರ್ಟುಗಳಿಗೆ ಬಿಸಿಇ ಎಂದು ಎಲ್ಲದಕ್ಕೂ ಅದರಲ್ಲಿ ಡ್ರೈವರುಗಳಿವೆ. ಸ್ಕ್ಯಾನ್ ಕಡತಗಳನ್ನು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಇಟ್ಟರೆ ಪ್ರತಿಯೊಂದು ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇರುವುದರಿಂದ ಕಡತ ಸದ್ದಿಲ್ಲದೆ ಕೆಡುವುದನ್ನು ಪತ್ತೆಹಚ್ಚಬಹುದು.

ಪಯಸ್ವಿನಿ (ಕಾಸರಗೋಡು):

ತೆಂಕುಗಾಳಿಯವರ ಮಾತನ್ನು ಒಪ್ಪುತ್ತೇನೆ. ಬರೇ ಕಡತ ಇಡುವ ಯಂತ್ರವಾಗಿದ್ದರೆ ನಾನೂ ಫ್ರೀಬಿಎಸ್‌ಡಿಯನ್ನೇ ಸೂಚಿಸುತ್ತಿದ್ದೆ. ಆದರೆ ಇಲ್ಲಿ ಮುಖ್ಯ ಕೆಲಸ ಕೋಹಾದ್ದು, ಮತ್ತು ಕೋಹಾ ತಂಡ ತನ್ನ ಅಧಿಕೃತ ಪ್ಯಾಕೇಜುಗಳನ್ನು ಸಿದ್ಧಪಡಿಸುವುದು ಡೆಬಿಯನ್ ಮಾದರಿಯಲ್ಲಿ. ಅಲ್ಮಾದಲ್ಲಾಗಲಿ ಫ್ರೀಬಿಎಸ್‌ಡಿಯಲ್ಲಾಗಲಿ ಅದನ್ನು ನಿಲ್ಲಿಸಲು ಹೊರಟರೆ ಹಾರ್ಡ್‌ವೇರ್ ತೊಂದರೆ ತಪ್ಪಿತೆನ್ನುವಷ್ಟರಲ್ಲಿ ತಂತ್ರಾಂಶದ ತೊಂದರೆ ಎದುರಾಗುತ್ತದೆ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವಿದೆ. ಅಷ್ಟರೊಳಗೆ ಈ ಯಂತ್ರವನ್ನೇ ಬದಲಾಯಿಸುವ ಯೋಚನೆ ಬಂದಿರುತ್ತದೆ. ಹಳೆಯ ಡೆಬಿಯನ್ 11ರ ಸೂಚನೆಗಳನ್ನು ನೋಡಿ ಭಂಡಾರಗಳ ಪಟ್ಟಿಯನ್ನು ಬರೆಯುವುದಾದರೆ ಒಂದು ಎಚ್ಚರಿಕೆ ಬೇಕು: 12ರಿಂದ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗವಿದೆ, ಅದನ್ನು ಸೇರಿಸದಿದ್ದರೆ ಬಿಎನ್‌ಎಕ್ಸ್2 ಫರ್ಮ್‌ವೇರ್‌ಗಾಗಲಿ ಇಂಟೆಲ್ ಮೈಕ್ರೋಕೋಡ್‌ಗಾಗಲಿ (ಪ್ರೊಸೆಸರಿನೊಳಗೆ ಓಡುವ ಸಂಕೇತ) ಮುಂದಿನ ಅಪ್‌ಡೇಟುಗಳು ಬರುವುದಿಲ್ಲ.

ಲ್ಯಾಬ್ ಟೀಚರ್ (ಮುಳ್ಳೇರಿಯ):

ಡಿಎಲ್380 ಜಿ5 ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ನನ್ನ ಸಲಹೆ ಏನೆಂದರೆ ಅದನ್ನು ಸರ್ವರ್ ಆಗಿ ಬಳಸಬೇಡಿ. ಬೆಂಬಲ ಇಲ್ಲವೆಂದಲ್ಲ. ಅದರ ಸ್ಮಾರ್ಟ್ ಅರೇ ಪಿ400 ಕಾರ್ಡಿಗೆ ಮೊದಲು ಸಿಸಿಐಎಸ್‌ಎಸ್ ಎಂಬ ಡ್ರೈವರ್ ಇತ್ತು, ಕರ್ನಲ್ 4.14ರಲ್ಲಿ ಅದನ್ನು ತೆಗೆದು ಹಳೆಯ ಕಾರ್ಡುಗಳ ಹೊಣೆಯನ್ನು ಎಚ್‌ಪಿಎಸ್‌ಎ ಡ್ರೈವರಿಗೆ ಒಪ್ಪಿಸಿದರು, ಹಾಗಾಗಿ ಡೆಬಿಯನ್ ಅದರಲ್ಲಿ ಓಡಬಲ್ಲುದು. ಹಳೆಯ ಮಾರ್ಗದರ್ಶಿಗಳಲ್ಲಿ ಡಿಸ್ಕಿನ ಹೆಸರು ಬೇರೆ ರೀತಿ ಕಾಣುವುದು ಈ ಬದಲಾವಣೆಯಿಂದಾಗಿ. ಆದರೆ ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಬಯಲಾದ ಮೇಲೆ 2018ರ ಏಪ್ರಿಲ್‌ನಲ್ಲಿ ಇಂಟೆಲ್ ಪ್ರಕಟಿಸಿದ ಮಾಹಿತಿಯಲ್ಲಿ, ಇ5420 ಸೇರಿರುವ ಹಾರ್ಪರ್‌ಟೌನ್ ಪೀಳಿಗೆಗೆ ಮೈಕ್ರೋಕೋಡ್ ಪರಿಹಾರ ಕೊಡುವುದನ್ನು ನಿಲ್ಲಿಸಲಾಗಿದೆ ಎಂದು ಹೇಳಿತ್ತು. ನಿಮ್ಮ ಎಕ್ಸ್5650ರ ಪೀಳಿಗೆಗೆ ಪರಿಹಾರ ಬಂದಿದೆ.

ವಿದ್ಯುತ್ ಲೆಕ್ಕವನ್ನೂ ಸಮಿತಿಯ ಮುಂದೆ ಇಡಬೇಕು. ಒಂದು ಯಂತ್ರ ಸರಾಸರಿ 200 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144 ಯೂನಿಟ್ ಆಗುತ್ತದೆ. ಕೆಎಸ್‌ಇಬಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಈ ಮೊತ್ತ ಮೊದಲ ಬಿಲ್ಲಿನಲ್ಲೇ ಎದ್ದು ಕಾಣುತ್ತದೆ. ದಾನವಾಗಿ ಬಂದ ಯಂತ್ರಕ್ಕೆ ಖರ್ಚಿಲ್ಲ ಎಂಬ ಭಾವನೆ ಸಮಿತಿಯವರಿಗೆ ಇದ್ದರೆ ಅದನ್ನು ಈಗಲೇ ಹೋಗಲಾಡಿಸುವುದು ಒಳ್ಳೆಯದು. ಆರ್710ರಲ್ಲಿ ಕೋಹಾಕ್ಕೆ ಎರಡು ಪ್ರೊಸೆಸರ್ ಬೇಕಾಗಿಲ್ಲ. ಒಂದನ್ನು ತೆಗೆದು, ಉಳಿದುದಕ್ಕೆ ಸೇರಿದ ಸ್ಲಾಟುಗಳಲ್ಲಿ ಮಾತ್ರ ಮೆಮೊರಿ ಇಟ್ಟರೆ ಸ್ವಲ್ಪ ಉಳಿತಾಯವಾಗುತ್ತದೆ.

ನಮ್ಮ ಕಡೆಯ ಮಳೆಗಾಲವನ್ನು ಮರೆಯಬೇಡಿ. ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರದಲ್ಲಿ ಮೆಮೊರಿ ಪಟ್ಟಿಗಳ ಅಂಚು ಮಂಕಾಗಿರುತ್ತದೆ, ಕಳಚಿ ಒರೆಸಿ ಮತ್ತೆ ಕೂರಿಸಬೇಕು. ಇಸಿಸಿ ಮೆಮೊರಿಯಾದ್ದರಿಂದ ಸಣ್ಣ ದೋಷಗಳನ್ನು ಯಂತ್ರವೇ ತಿದ್ದಿಕೊಂಡು ಸುಮ್ಮನಿರುತ್ತದೆ. ರಾಸ್‌ಡೀಮನ್ ಎಂಬ ಪ್ಯಾಕೇಜ್ ಹಾಕಿದರೆ ಅವುಗಳ ದಾಖಲೆ ಸಿಗುತ್ತದೆ ಮತ್ತು ಯಾವ ಪಟ್ಟಿಯನ್ನು ಬದಲಾಯಿಸಬೇಕೆಂದು ತಿಳಿಯುತ್ತದೆ. ಪರ್ಕ್ ಕಾರ್ಡನ್ನು ಸದ್ಯಕ್ಕೆ ಉಳಿಸಿಕೊಳ್ಳುವುದಾದರೆ ಅದರ ಬ್ಯಾಟರಿ ಉಬ್ಬಿದೆಯೇ ನೋಡಿ. ಬ್ಯಾಟರಿ ಸತ್ತಿದ್ದರೆ ಕಾರ್ಡ್ ಬರಹವನ್ನು ತನ್ನ ಕ್ಯಾಶ್‌ನಲ್ಲಿ ಹಿಡಿದಿಡದೆ ನೇರವಾಗಿ ಡಿಸ್ಕಿಗೆ ಬರೆಯತೊಡಗುತ್ತದೆ, ಆಗ ಎಲ್ಲವೂ ನಿಧಾನವಾದಂತೆ ಕಾಣುತ್ತದೆ. ವೇಗಕ್ಕಾಗಿ ಬ್ಯಾಟರಿ ಇಲ್ಲದೆಯೂ ಕ್ಯಾಶ್ ಬಳಸುವಂತೆ ಒತ್ತಾಯಿಸುವ ಆಯ್ಕೆ ಇದೆ. ಜೂನ್ ಬಂತೆಂದರೆ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಅದನ್ನು ಮುಟ್ಟಲೇಬೇಡಿ.

ಕೊನೆಯದಾಗಿ, ಆರ್710ರ ಐಡ್ರಾಕ್ 6 ಎಂಬ ದೂರ ನಿಯಂತ್ರಣ ಭಾಗದ ಭದ್ರತಾ ವಿಧಾನಗಳು ಹಳೆಯವು. ಈಗಿನ ಬ್ರೌಸರುಗಳು ಅದನ್ನು ತೆರೆಯಲು ನಿರಾಕರಿಸುತ್ತವೆ, ಪರದೆ ನೋಡಲು ಹಳೆಯ ಜಾವಾ ಬೇಕು. ಐಪಿಎಂಐಟೂಲ್ ಮೂಲಕ ಸೀರಿಯಲ್ ಕನ್ಸೋಲ್ (ಅಕ್ಷರಗಳಷ್ಟೇ ಕಾಣುವ ಪರದೆ) ಬಳಸಿದರೆ ಆ ಗೊಡವೆ ಇಲ್ಲ. ಏನೇ ಆದರೂ ಆ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬಾರದು.

ಓದುಕೋಣೆ (ನೀರ್ಚಾಲು):

ಟೀಚರಿಗೂ ಉಳಿದವರಿಗೂ ವಂದನೆಗಳು. ಡೆಬಿಯನ್ 12, ಎಚ್200 ಕಾರ್ಡ್ ಮತ್ತು ಕೇಬಲ್ ಎಂದು ಸಮಿತಿಗೆ ಬರೆದುಕೊಡುತ್ತೇನೆ. ಎಚ್‌ಪಿ ಯಂತ್ರವನ್ನು ಬಳಸುವುದಿಲ್ಲವಾದರೆ ಅದರ ಮೆಮೊರಿ ಮತ್ತು ಡಿಸ್ಕ್‌ಗಳನ್ನು ಆರ್710ಕ್ಕೆ ಹಾಕಬಹುದೇ? ಮತ್ತು ಅನುಸ್ಥಾಪನೆಯನ್ನು ಬಯಾಸ್ ಬದಲಿಗೆ ಬಂದ ಯುಇಎಫ್‌ಐ ವಿಧಾನದಲ್ಲಿ ಮಾಡಬೇಕೇ?

ಪಯಸ್ವಿನಿ (ಕಾಸರಗೋಡು):

ಮೆಮೊರಿ ಆಗುವುದಿಲ್ಲ. ಜಿ5ರಲ್ಲಿರುವುದು ಡಿಡಿಆರ್2 ಕಾಲದ ಎಫ್‌ಬಿ-ಡಿಮ್, ಆರ್710ಕ್ಕೆ ಬೇಕಾದದ್ದು ಡಿಡಿಆರ್3. ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಬಲವಂತ ಮಾಡಬೇಡಿ. ಡಿಸ್ಕ್‌ಗಳು 2.5 ಇಂಚಿನ ಸಾಸ್ ಆಗಿದ್ದರೆ ಕೆಲಸ ಮಾಡುತ್ತವೆ, ಆದರೆ ನಿಮ್ಮ ಆರ್710ರ ಗೂಡುಗಳು 3.5 ಇಂಚಿನವಾದ್ದರಿಂದ ಹೊಂದಿಸುವ ಚೌಕಟ್ಟು ಬೇಕಾಗುತ್ತದೆ. ಎಚ್‌ಪಿ ಟ್ರೇ ಡೆಲ್‌ಗೆ ಬರುವುದಿಲ್ಲ. ಹಾಕುವ ಮೊದಲು ಸ್ಮಾರ್ಟ್‌ಸಿಟಿಎಲ್‌ನಿಂದ ಅವುಗಳ ಆರೋಗ್ಯ ಪರೀಕ್ಷಿಸಿ; ಅಷ್ಟು ವರ್ಷ ಓಡಿದ ಡಿಸ್ಕಿಗೆ ಚೌಕಟ್ಟು ಕೊಳ್ಳುವುದು ಲಾಭವೋ ಎಂದು ಅದಾದ ಮೇಲೆ ತೀರ್ಮಾನಿಸಬಹುದು.

ಆರ್710ರಲ್ಲಿ ಯುಇಎಫ್‌ಐ ಇದೆ, ಆದರೆ ಆ ಪೀಳಿಗೆಯದು ಅಷ್ಟು ಪಕ್ವವಾಗಿಲ್ಲ. ಬಯಾಸ್ ವಿಧಾನದಲ್ಲೇ ಇಟ್ಟು, ಸಣ್ಣ ಡಿಸ್ಕ್‌ನಿಂದ ಬೂಟ್ ಆಗುವಂತೆ ಮಾಡಿ, 4 ಟಿಬಿ ಡಿಸ್ಕ್‌ಗಳನ್ನು ಜಿಪಿಟಿ ಎಂಬ ಹೊಸ ಮಾದರಿಯ ವಿಭಾಗ ಪಟ್ಟಿಯಲ್ಲಿ ವಿಭಾಗಿಸಿ ಬರೇ ದತ್ತಾಂಶಕ್ಕೆ ಬಳಸಿ. ಒಂದು ವೇಳೆ ದೊಡ್ಡ ಡಿಸ್ಕ್‌ನಿಂದಲೇ ಬೂಟ್ ಮಾಡಬೇಕಾಗಿ ಬಂದರೆ ಲಿನಕ್ಸನ್ನು ಚಾಲೂ ಮಾಡುವ ಗ್ರಬ್‌ಗಾಗಿ 1 ಎಂಬಿಯ ಬಯಾಸ್ ಬೂಟ್ ವಿಭಾಗವನ್ನು ಮೊದಲಿಗೇ ಬಿಡಿ.